ಮುಚ್ಚಳದ ಮೇಲೆ ನಿಂತ ಸಿಪಾಯಿಗಳು

ಹೆಬ್ಬೆರಳಿಗಿಂತ ಚಿಕ್ಕ ಸಿಪಾಯಿಗಳು. ಕಿಟಕಿಯ ಕಟ್ಟೆಯ ಮೇಲೆ ಒಬ್ಬೊಬ್ಬನೂ ಒಂದೊಂದು ಸೋಡಾ ಬಾಟಲಿಯ ಮುಚ್ಚಳ ಹತ್ತಿ ನಿಂತಿದ್ದ. ಬಣ್ಣ ಹಚ್ಚುವಾಗ ಗೊಂಬೆಗೆ ಬೆರಳು ತಾಗಬಾರದು, ಮುಚ್ಚಳ ಹಿಡಿದೇ ತಿರುಗಿಸಬೇಕು. ಅದಕ್ಕೆ ಅಂಗಾಲಿಗೆ ಮೇಣದಂಥ ಮೆತ್ತನೆಯ ಪುಟ್ಟಿ ಚೂರು ಒತ್ತಿ ತಾತ್ಕಾಲಿಕವಾಗಿ ನಿಲ್ಲಿಸುವುದು. ಬಣ್ಣ ಒಣಗಿದ ಮೇಲೆ ಮೆಲ್ಲಗೆ ಕಿತ್ತು, ಮರಳು ಹುಲ್ಲು ಅಂಟಿಸಿದ ನಿಜವಾದ ಪೀಠಕ್ಕೆ ಗಟ್ಟಿ ಅಂಟಿನಿಂದ ಕೂರಿಸುವುದು.

ಮುಂಬೈಯ ಬಾಂದ್ರಾದಲ್ಲಿ ಇಂಥ ಗೊಂಬೆಗಳ ಅಂಗಡಿ ಇಟ್ಟಿರುವ ಸುಕೇಶ್ ಈ ಕೆಲಸವನ್ನು ಶಿವಕುಮಾರಿಗೆ ಕಲಿಸಿದ್ದ. ಬಿ.ಎ. ಮುಗಿಸಿ, ಹೋದ ಇಂಟರ್‌ವ್ಯೂಗಳಲ್ಲೆಲ್ಲ ಬಾಯಿ ಕಟ್ಟಿ ಭಾಂಡುಪ್‌ನ ಚಾಳಿನ ಕೋಣೆಗೆ ವಾಪಸು ಬರುತ್ತಿದ್ದ ಹುಡುಗಿಗೆ, ಯಾರ ಮುಖವನ್ನೂ ನೋಡದೆ ಮಾಡಬಹುದಾದ ಈ ಕೆಲಸ ದೇವರೇ ಕೊಟ್ಟಂತಾಗಿತ್ತು. ಈ ಸಲದ ಸಿಪಾಯಿಗಳು ಒಬ್ಬ ಗಿರಾಕಿ ಹೊರದೇಶದಿಂದ ತರಿಸಿಕೊಂಡವು. ಚೆನ್ನಾಗಿ ಬಂದರೆ ಅಂಗಡಿಯ ಕೆಲಸವೆಲ್ಲ ನಿನಗೇ ಎಂದಿದ್ದ ಸುಕೇಶ್.

ಬಣ್ಣ ಒಣಗಿತ್ತು. ಶಿವಕುಮಾರಿ ಮೊದಲನೆಯವನನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೊಂದಿಷ್ಟು ಎಳೆದಳು. ಕಟ್ ಅಂತು. ಸಿಪಾಯಿ ಕೈಗೆ ಬಂದ, ಬೂಟುಗಳು ಮುಚ್ಚಳದಲ್ಲೇ ಉಳಿದವು. ಎರಡನೆಯವನದೂ ಅದೇ ಗತಿ.

"ಯವ್ವಾ, ಇವಕ್ಕ ಅಂಟು ಯಾರು ಹಚ್ಚಿದ್ರು?"

ಸೋಮವ್ವ ಒಲೆಯ ಮುಂದೆ ಅಕ್ಕಿ ತೊಳೆಯುತ್ತಿದ್ದಳು. "ಮತ್ಯಾರು, ನಾನ ಹಚ್ಚೀನಿ. ನಿನ್ನೆ ನೀ ಬಜಾರಕ್ಕ ಹೋದಾಗ ಕಸಾ ಹೊಡಿಯಾಕತ್ತಿದ್ದೆ. ಎಲ್ಲಾ ಕುಡದವರಂಗ ಓಲಾಡಾಕತ್ತಿದ್ವು. ಒಂದು ಬಿತ್ತು ನೋಡು, ನನ್ನ ಎದಿ ಧಸಕ್ಕಂತು. ನಿನ್ನ ಡಬ್ಬಿಯಾಗಿನ ಅಂಟು ತಗೊಂಡು ಎಲ್ಲಾರನೂ ಗಟ್ಟಿ ನಿಲ್ಲಿಸೀನಿ. ಈಗ ಭೂಕಂಪ ಆದ್ರೂ ಬೀಳೂದಿಲ್ಲ!"

ಅಷ್ಟರಲ್ಲಿ ಫೋನ್ ರಿಂಗಾಯಿತು. ಸುಕೇಶ್. ಕೆಲಸ ಮುಗಿಯಿತೇ ಎಂದು ಹಿಂದಿಯಲ್ಲಿ ಕೇಳಿದ.

"ಸರ್, ವೋ... ಬಾಯಿನೇ ಗಲತ್ ಗ್ಲೂ ಲಗಾ ದಿಯಾ."

"ಬಾಯಿ? ಕೌನ್ ಬಾಯಿ?"

"ಘರ್ ಕೀ ಕಾಮವಾಲಿ ಬಾಯಿ, ಸರ್."

ತಪ್ಪು ಅಂಟು ಹಚ್ಚಿದ್ದು ಮನೆಗೆಲಸದವಳು ಎಂದುಬಿಟ್ಟಿದ್ದಳು, ಅವ್ವನನ್ನೇ. ಯೋಚಿಸಿ ಆಡಿದ ಮಾತಲ್ಲ. ಆದರೆ ಬಾಯಿಗೆ ಎಷ್ಟು ಸಲೀಸಾಗಿ ಬಂತು! ಒಲೆಯ ಮುಂದೆ ಅಕ್ಕಿಯೊಳಗಿನ ಕೈ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು. ಸ್ಟೇಷನ್ ಆಚೆಯ ಟವರಿನ ಮನೆಗಳಲ್ಲಿ ಪಾತ್ರೆ ತಿಕ್ಕುವ ಸೋಮವ್ವನಿಗೆ ಈ ಮಾತು ಹೊಸದಲ್ಲ. ಅಲ್ಲಿ ಕಪ್ಪು ಒಡೆದರೂ ಬಾಯಿ, ಚಮಚ ಕಳೆದರೂ ಬಾಯಿ. ತನ್ನ ಮನೆಯೊಳಗೆ ಕೇಳಿದ್ದು ಮಾತ್ರ ಇದೇ ಮೊದಲು.

ಸುಕೇಶ್ ಪಕ್ಕದ ಮುಲುಂಡ್‌ನಲ್ಲೇ ಇದ್ದನಂತೆ. ಇನ್ನೊಂದನ್ನೂ ಮುಟ್ಟಬೇಡ, ಬಂದು ನೋಡುತ್ತೇನೆ ಎಂದ. ಅವನು ಬರುವ ತನಕ ಸೋಮವ್ವ ಅನ್ನಕ್ಕಿಟ್ಟು ನೆಲ ಒರೆಸಿದಳು.

ಬಾಗಿಲು ಬಡಿದಾಗ ಸೋಮವ್ವನೇ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತಳು.

"ಆವೋ ಸಾಬ್. ಮೇಡಂ ಅಂದರ್ ಹೈ."

ಮೇಡಂ! ಶಿವಕುಮಾರಿ ಅವ್ವನ ಮುಖ ನೋಡಿದಳು. ಈಗಲಾದರೂ ಹೇಳಬೇಕಿತ್ತು. ಅವಳು ಮುರಿದ ಸಿಪಾಯಿಯನ್ನು ಅಂಗೈಯಲ್ಲಿ ಹಿಡಿದು ಕೂತೇ ಇದ್ದಳು. ಸುಕೇಶ್ ಅದನ್ನು ತೆಗೆದುಕೊಂಡು ನೋಡಿ, ಸೋಮವ್ವನ ಕಡೆ ತಿರುಗಿ, ಬೇರೆಯವರ ಸಾಮಾನಿಗೆ ಕೇಳದೆ ಕೈ ಹಚ್ಚಬಾರದು ಬಾಯಿ, ಎಂದು ಹಿಂದಿಯಲ್ಲಿ ಗದರಿದ.

"ಗಲತಿ ಹೋಗಯೀ ಸಾಬ್," ಎಂದು ಸೋಮವ್ವ ಕೈ ಮುಗಿದಳು.

ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. "ಸರ್," ಎಂದಳು ಶಿವಕುಮಾರಿ, ಕೇಳಿಸಿತೋ ಇಲ್ಲವೋ ಎಂಬಂತೆ, "ಅವರು ನಮ್ಮವ್ವ."

ಸುಕೇಶ್ ಇಬ್ಬರ ಮುಖವನ್ನೂ ನೋಡಿದ. ಉಡುಪಿ ಕಡೆಯವನು, ವ್ಯವಹಾರಕ್ಕೆಲ್ಲ ಹಿಂದಿ, ಅವಸರಕ್ಕೆ ಕನ್ನಡ ಹೊರಬಂತು. "ಅಯ್ಯೋ, ನನ್ಗೆ ಗೊತ್ತಾಗ್ಲಿಲ್ಲ ಅಮ್ಮಾ. ತಪ್ಪು ತಿಳ್ಕೊಳ್ಬೇಡಿ ಮಾರಾಯ್ರೆ." ಆಮೇಲೆ ನೆಲ ನೋಡುತ್ತಲೇ, ಮುರಿದ ಕಾಲುಗಳಿಗೆ ಸಪೂರ ತಂತಿ ಹಾಕಿ ಜೋಡಿಸಬಹುದೆಂದೂ, ಉಳಿದವನ್ನು ಮುಚ್ಚಳ ಸಮೇತ ಫ್ರೀಜರಿನಲ್ಲಿಟ್ಟರೆ ಅಂಟು ಬಿಡುತ್ತದೆಂದೂ ಹೇಳಿ, ಚಹಾಕ್ಕೂ ನಿಲ್ಲದೆ ಹೊರಟ. ಮುಂದಿನ ಕೆಲಸದ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

"ಯವ್ವಾ, ನಂದು ತಪ್ಪಾತು."

"ಫೋನಿನ್ಯಾಗ ಅಂದದ್ದು ಇರ್ಲಿ ಬಿಡು. ಹೆದರಿದ್ದಿ, ಬಾಯಿಗೆ ಬಂದದ್ದು ಅಂದಿ. ನಾ ಮಾಡೂದೂ ಅದ ಕೆಲಸ," ಎಂದಳು ಸೋಮವ್ವ, ಸಿಪಾಯಿಗಳನ್ನು ಒಂದೊಂದಾಗಿ ತಾಟಿಗೆ ಇಡುತ್ತ. "ನಾ ಬಾಗಲಾ ತಗದು ಮೇಡಂ ಅಂದಾಗ ನನ್ನ ಮಾರಿ ನೋಡಿದ್ಯಲ್ಲಾ. ನೋಡಿ ಸುಮ್ಮ ಕುಂತಿ. ಅದು ಹೆಂಗ ಕುಂತಿ, ಮಗಳ?"

ತಾಟು ಎತ್ತಿಕೊಂಡು ಹೊರಗೆ ನಡೆದಳು. ಇವರ ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ತಾಜಬಿಯ ಮನೆಯಲ್ಲಿದೆ.

"ಏನ್ ಸೋಮವ್ವಾ, ಸೆರಗು ಮುಚ್ಚಿ ತಂದೀ? ಹೋಳಿಗಿ ಏನ?" ತಾಜಬಿಯ ದನಿ.

"ಹೋಳಿಗಿ ಅಲ್ಲ, ಸಿಪಾಯಿಗೋಳು! ನನ್ನ ಮಗಳು ಬಣ್ಣಾ ಹಚ್ಯಾಳ. ಮೀಸಿ ನೋಡು, ಕೂದಲೆಳಿಯಷ್ಟು ಸಣ್ಣ. ನಾ ಹುಚ್ಚಿ ಅಂಟು ಹಚ್ಚಿ ಕೆಡಿಸಿಟ್ಟೆ. ಆಕಿ ಸಾಹೇಬ್ರು ಬಾಂದ್ರಾದವ್ರು, ಖುದ್ದು ನೋಡಾಕ ಬಂದಿದ್ರು."

ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಶಿವಕುಮಾರಿ ಎದ್ದು ಹೊಸ್ತಿಲ ತನಕ ಬಂದಳು. ಅವ್ವನ ಪಕ್ಕ ಹೋಗಿ ನಿಲ್ಲಬೇಕೆನ್ನಿಸಿತು.

"ಬಾ ಬೇಟಿ, ಭಾರೀ ಹುಷಾರ್ ಇದ್ದೀಯಲ್ಲಾ!" ಎಂದಳು ತಾಜಬಿ.

ಹೊಸ್ತಿಲಲ್ಲೇ ನಿಂತ ಶಿವಕುಮಾರಿಗೆ ಅವ್ವನತ್ತ ತಲೆ ಎತ್ತಲಾಗಲಿಲ್ಲ.