ದವಾಖಾನಿ ಕುರಿ

ಬೋನಾಳದ ಅಯ್ಯಣ್ಣನಿಗೆ ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಪುಕ್ಕಟೆ ಅಕ್ಕಿ, ಪುಕ್ಕಟೆ ಬಸ್ಸು, ಪುಕ್ಕಟೆ ದವಾಖಾನೆ, ಒಂದೂ ಅವನಿಗೆ ಆಗಿಬರುತ್ತಿರಲಿಲ್ಲ. ರಟ್ಟೆಯಲ್ಲಿ ಕಸುವಿರುವ ಮನುಷ್ಯ ಇಂದು ಸರಕಾರದ ಮುಂದೆ ಕೈಯೊಡ್ಡಿದರೆ ನಾಳೆ ಸರಕಾರ ಅವನಿಗೆ ಮೂಗುದಾರ ಹಾಕುತ್ತದೆ ಎಂದು ಕಟ್ಟೆಯ ಮೇಲೆ ಕೂತು ವಾದ ಹೂಡುತ್ತಿದ್ದ. ವಾದದಲ್ಲಿ ಹುರುಳಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ, ಅವನು ಆಡಿದಂತೆ ಬಾಳಿದವನು. ಊರೆಲ್ಲ, ಖಾಸಗಿ ಆಸ್ಪತ್ರೆಯ ಬಿಲ್ಲನ್ನೂ ಸರಕಾರವೇ ಕಟ್ಟುವ ದವಾಖಾನೆಯ ಕಾರ್ಡು ಮಾಡಿಸಲು ಸಾಲುಗಟ್ಟಿ ನಿಂತಾಗ ಇವನು ಆ ಕಡೆ ತಲೆ ಹಾಕಲಿಲ್ಲ.

"ನನ್ನ ಕಾರ್ಡು ದೊಡ್ಡ್ಯಾಗ ನಿಂತಾವ, ನಾಕ ಕಾಲ ಮ್ಯಾಲ" ಅಂದಿದ್ದ.

ಸುಳ್ಳೇನೂ ಅಲ್ಲ. ಹಿಂಡಿನಲ್ಲಿ ಒಳ್ಳೊಳ್ಳೆಯ ಟಗರು ಆರಿಸಿ, ಮದುವೆಗೂ ಮಾರದೆ, ಹಬ್ಬಕ್ಕೂ ಕಡಿಯದೆ, ಕಾಯಿಲೆ ಕಸಾಲೆಗೆಂದೇ ಬೇರೆ ಇಟ್ಟು ಮೇಯಿಸುವುದು ಅವನ ಪದ್ಧತಿ. ಮನೆಯಲ್ಲಿ ಅವಕ್ಕೆ ದವಾಖಾನಿ ಕುರಿ ಎಂದೇ ಹೆಸರು. ಮಗಳು ಕವಿತಾಳ ಹೆರಿಗೆ, ಅವನದೇ ಮುರಿದ ಕಾಲು, ಎಲ್ಲ ಆ ಕುರಿಗಳಿಂದಲೇ ದಾಟಿಹೋಗಿತ್ತು. ಸುರಪುರದ ವ್ಯಾಪಾರಿ ಖಾಜಾಹುಸೇನನಿಗೆ ಒಂದು ಫೋನು ಮಾಡಿದರೆ ಸಾಕು, ಗಾಡಿ ತಂದು, ಕುರಿಯ ಬೆನ್ನು ಹಿಚುಕಿ ನೋಡಿ, ನಿಂತ ನಿಲುವಿನಲ್ಲಿ ರೊಕ್ಕ ಕೊಟ್ಟು ಹೋಗುತ್ತಿದ್ದ.

ಆ ಖಾಜಾಹುಸೇನನನ್ನೇ ಈ ಬೇಸಿಗೆಯಲ್ಲಿ ಊರು ಹೊರಗೆ ಹಾಕಿತು. ಹಾಕಿಸಿದವನು ಅಯ್ಯಣ್ಣನ ತಮ್ಮನ ಮಗ ಪರಶುರಾಮ. ಅವನು ಯಾವುದೋ ಸಂಘಟನೆ ಸೇರಿ ಊರ ಹುಡುಗರನ್ನೆಲ್ಲ ಕಟ್ಟಿಕೊಂಡಿದ್ದ. ಸಾಬರಿಗೆ ಇನ್ನು ಕುರಿ ಮಾರುವುದಿಲ್ಲವೆಂದು ಎಲ್ಲರೂ ಬೀರಪ್ಪನ ಗುಡಿಯಲ್ಲಿ ಭಂಡಾರ ಮುಟ್ಟಬೇಕೆಂದ. ಭಂಡಾರವೆಂದರೆ ದೇವರ ಅರಿಸಿನ, ಅದನ್ನು ಮುಟ್ಟಿ ಆಡಿದ ಮಾತನ್ನು ಕುರುಬರಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಅತಿಯಾಯಿತು ಅಂತ ಅಯ್ಯಣ್ಣನಿಗೆ ಅನ್ನಿಸಿತ್ತು. ಆದರೆ ಹುಡುಗರು ಶಾಲು ಹೊದಿಸಿ ಮುಂದೆ ಕೂಡಿಸಿದ್ದರು, ಹಿರಿಯರು ಮೊದಲು ಎಂದಿದ್ದರು. ಬಿಸಿರಕ್ತ, ನಾಳೆ ತಣ್ಣಗಾಗುತ್ತಾರೆ ಎಂದುಕೊಂಡು ಎಲ್ಲರಿಗಿಂತ ಮೊದಲು ಕೈಯಿಟ್ಟವನು ಇವನೇ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಕೊಳ್ಳುವವನನ್ನು ಓಡಿಸಿದ ಮೇಲೆ ದವಾಖಾನಿ ಕುರಿ ಬರೀ ಕುರಿ ಎಂಬಷ್ಟೂ ಹೊಳೆಯಲಿಲ್ಲ.

ಹೊಳೆದದ್ದು ಹೆಂಡತಿ ಮಲ್ಲಾಬಾಯಿ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಬಿದ್ದಾಗ. ಪುಕ್ಕಟೆ ದವಾಖಾನೆ ಬೇಡವೆಂದು ನೆಟ್ಟಗೆ ಯಾದಗಿರಿಯ ಖಾಸಗಿ ಆಸ್ಪತ್ರೆಗೇ ಒಯ್ದ. ಕರುಳು ತಿರುಚಿಕೊಂಡಿದೆ, ಸಂಜೆಯೊಳಗೆ ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಮೊದಲು ಅಡ್ವಾನ್ಸ್ ಕಟ್ಟಿ ಎಂದರು ಕೌಂಟರಿನವರು.

"ಅಪ್ಪಾ, ಕಾರ್ಡ್ ಇದ್ದಿದ್ರ..." ಎಂದಳು ಕವಿತಾ. ಅಷ್ಟಕ್ಕೇ ಬಿಟ್ಟಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಗಳನ್ನು ತಾಯಿಯ ಬಳಿ ಬಿಟ್ಟು ಅಯ್ಯಣ್ಣ ಜೀಪು ಹಿಡಿದು ಊರಿಗೆ ಓಡಿ ಬಂದ. ಮನೆಮನೆಗೆ ಹೋದ. ಎಲ್ಲರ ದೊಡ್ಡಿಯಲ್ಲೂ ಮಾರಾಟವಾಗದ ಕುರಿ, ಯಾರ ಕೈಯಲ್ಲೂ ಕಾಸಿಲ್ಲ. ಬೇರೆ ವ್ಯಾಪಾರಿಗಳಿಗೆ ಫೋನು ಮಾಡಿದರೆ ಬೋನಾಳ ಎನ್ನುತ್ತಲೇ ಕಟ್ ಮಾಡುತ್ತಿದ್ದರು. ಕಡೆಗೆ ಗುಡಿಯ ಕಡೆ ಬೆನ್ನು ಹಾಕಿ ನಿಂತು, ಆಣೆ ಮುರಿದ ಪಾಪ ತಗಲುವುದಿದ್ದರೆ ತನಗೊಬ್ಬನಿಗೇ ತಗಲಲಿ ಎಂದುಕೊಂಡು, ಖಾಜಾಹುಸೇನನ ನಂಬರು ಒತ್ತಿದ.

"ಖಾಜಾ, ನಿಮ್ಮ ಕಾಕಿ ಸಾಯಾಕತ್ಯಾಳ. ಟಗರೆಲ್ಲಾ ಹೊಡ್ಕೊಂಡು ಹೋಗು. ನೀ ಹೇಳಿದ್ದ ರೇಟು."

ಖಾಜಾಹುಸೇನ ದನಿ ತಗ್ಗಿಸಿದ.

"ಕಾಕಾ, ಹೋದ ವಾರ ನಿಮ್ಮೂರ ಹುಡುಗ್ರು ನನ್ನ ಗಾಡಿ ಗ್ಲಾಸ್ ಒಡದಾರ. ಡ್ರೈವರನ ತಲಿಗಿ ಹೊಲಿಗಿ ಬಿದ್ದಾವ. ನಿಮ್ಮ ಕುರಿಗಳ ಕಿವಿ ಕೊಯ್ದ ಗುರ್ತು ಎಲ್ಲಾರಿಗೂ ಗೊತ್ತದ. ಅವು ನನ್ನ ಗಾಡ್ಯಾಗ ಕಂಡ್ರ ಕಳವು ಮಾಡ್ಯಾನ ಅಂತ ಬಡೀತಾರ. ನಂಗೂ ಮಕ್ಕಳು ಅದಾವ್ರಿ. ಮಾಫ್ ಮಾಡ್ರಿ."

ಅಯ್ಯಣ್ಣ ದೊಡ್ಡಿಯ ಬೇಲಿ ಹಿಡಿದು ಕುಸಿದು ಕೂತ. ಗಂಡಸು ಅಳಬಾರದು ಎನ್ನುತ್ತಿದ್ದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ಹೊತ್ತು ಆಗಲೇ ನೆತ್ತಿಗೆ ಬಂದಿತ್ತು.

ಸುದ್ದಿ ಮುಟ್ಟಿ ಪರಶುರಾಮ ಬೈಕಿನಲ್ಲಿ ಬಂದ. ಆಣೆ ಮುರಿಯಲು ಹೋದದ್ದಕ್ಕೆ ಬೈಯುತ್ತಾನೆ ಎಂದುಕೊಂಡರೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟ.

"ದೊಡ್ಡಪ್ಪ, ರೊಕ್ಕದ ಚಿಂತಿ ಬಿಡು. ಆ ಸಾಬ ಕುರಿ ತಗೊಳ್ಳಲಿಲ್ಲ ಹೌದಲ್ಲ? ಅದನ್ನ ಹೇಳು, ನಾ ವಿಡಿಯೋ ಮಾಡ್ತೀನಿ. ಕವಿತಾನ ನಂಬರ್ ಕೆಳಗ ಹಾಕ್ತೀನಿ. ಊರೂರಿಂದ ನಮ್ಮ ಮಂದಿ ರೊಕ್ಕ ಹಾಕ್ತಾರ, ನೋಡಾಕತ್ತಿರು."

ಅಯ್ಯಣ್ಣ ಕಣ್ಣೊರೆಸಿಕೊಂಡು ಫೋನಿನ ಮುಂದೆ ಕೂತ. "ನನ್ನ ಹೆಂಡತಿ ಸಾಯಾಕತ್ಯಾಳ್ರಿ. ಸುರಪುರದ ಖಾಜಾಹುಸೇನ ನಮ್ಮ ಕುರಿ ಮುಟ್ಟಂಗಿಲ್ಲ ಅಂದಾನ. ಯಾಕಂದ್ರ ನಮ್ಮ ಹುಡುಗ್ರ ಅವನ ಗಾಡಿ..."

ಪರಶುರಾಮ ಫೋನು ಕೆಳಗಿಳಿಸಿದ. "ಯಾಕಂದ್ರ ಬ್ಯಾಡ ದೊಡ್ಡಪ್ಪ. ಮುಟ್ಟಂಗಿಲ್ಲ ಅಂದಾನ, ಅಷ್ಟಕ್ಕ ನಿಂದ್ರಸು."

"ಅದು ಅರ್ಧ ಮಾತಾಗ್ತದಲ್ಲೋ."

"ಸುಳ್ಳೇನಿಲ್ಲಲ್ಲ? ದೊಡ್ಡವ್ವ ಬೇಕೋ ಬ್ಯಾಡೋ?"

ಬೇಕು. ಆ ಜೀವ ಬೇಕು, ಬೇರೇನೂ ಬೇಡ. ಅಯ್ಯಣ್ಣ ಎರಡನೆಯ ಸಲ ಹೇಳಿದ, ಹೇಳಿಕೊಟ್ಟಲ್ಲಿಗೆ ನಿಲ್ಲಿಸಿದ. ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೂ ಅಂಥ ದೊಡ್ಡ ಸುಳ್ಳನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ.

ಅವನು ಯಾದಗಿರಿ ಮುಟ್ಟುವುದರೊಳಗೆ ಮಲ್ಲಾಬಾಯಿಯನ್ನು ಆಪರೇಷನ್ನಿಗೆ ಒಳಗೆ ಒಯ್ದಿದ್ದರು. ಹೆಸರು ಕೇಳದ ಊರುಗಳಿಂದ, ಮುಖ ಕಾಣದ ಜನ ರೊಕ್ಕ ಹಾಕಿದ್ದರು. ಬೆವರು ಸುರಿಸದೆ ಬಂದ ದುಡ್ಡು ಅವನ ಮನೆಗೆ ಬಂದದ್ದು ಅದೇ ಮೊದಲು.

ಹೆಂಡತಿ ಉಳಿದಳು, ಉಳಿದಳೆಂದರೆ ಐಸಿಯುವಿನಲ್ಲಿ ನಳಿಗೆಗಳ ನಡುವೆ ಉಸಿರಾಡುತ್ತಿದ್ದಳು. ಇನ್ನೂ ಒಂದು ವಾರ ಒಳಗೇ ಇರಬೇಕು, ದಿನದ ಬಿಲ್ಲು ದಿನಕ್ಕೆ ಕಟ್ಟಬೇಕು ಎಂದರು. ಮರುದಿನ ಮಧ್ಯಾಹ್ನ ಕವಿತಾ ಫೋನು ಅವನ ಮುಂದೆ ಹಿಡಿದಳು. ಪರದೆಯ ಮೇಲೆ ಖಾಜಾಹುಸೇನನ ಕುರಿ ಶೆಡ್ಡು ಉರಿಯುತ್ತಿತ್ತು. ಹಿಂದೆ ಯಾರೋ ಕೇಕೆ ಹಾಕುತ್ತಿದ್ದರು. ಅದರ ಕೆಳಗೆ ಅಯ್ಯಣ್ಣನ ಅಳುಮುಖವನ್ನು ಅಂಟಿಸಿದ್ದರು.

ಅಯ್ಯಣ್ಣ ಖಾಜಾಹುಸೇನನಿಗೆ ಫೋನು ಮಾಡಿದ. ಎತ್ತಲಾರ ಎಂದುಕೊಂಡಿದ್ದ, ಎತ್ತಿದ.

"ಖಾಜಾ, ಯಾರಿಗೂ ಏನೂ ಆಗಿಲ್ಲಲ್ಲ? ಮಂದಿ ಎಲ್ಲಾ ಪಾಡ ಅದೀರೇನು?"

"ಪಾಡ ಅದೀವ್ರಿ. ಊರು ಬಿಡಾಕತ್ತೀವಿ. ವಿಡಿಯೋ ನೋಡ್ದೆ ಕಾಕಾ. ಯಾಕ ಬರಂಗಿಲ್ಲ ಅಂತ ನಿಮಗ ಹೇಳಿದ್ನಲ್ಲ?" ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿ ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಉತ್ತರಕ್ಕೆ ಕಾದ. ಕಡೆಗೆ ಫೋನು ಇಟ್ಟ.

ಅಯ್ಯಣ್ಣ ಬೆಂಚಿನಿಂದ ಎದ್ದು ನಿಂತ.

"ಕವಿತಾ, ಫೋನ್ ಹಿಡಿ. ವಿಡಿಯೋ ಮಾಡು. ಗ್ಲಾಸ್ ಒಡದದ್ದು, ಆಣಿ ಮಾಡಿದ್ದು, ಎಲ್ಲಾ ಹೇಳ್ತೀನಿ. ಮೊದಲ ಕೈ ಇಟ್ಟಾಂವ ನಾನ ಅಂತನೂ ಹೇಳ್ತೀನಿ."

ಕವಿತಾ ಫೋನನ್ನು ಸೆರಗಿನೊಳಗೆ ಸುತ್ತಿ ಎದೆಗೆ ಒತ್ತಿ ಹಿಡಿದಳು. ಐಸಿಯು ಬಾಗಿಲ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು.

"ಹೇಳಿದ್ರ ರೊಕ್ಕ ಇವತ್ತ ನಿಂತು ಹೋಗ್ತದ. ನಾಳಿ ಬಿಲ್ಲು ಯಾರು ಕಟ್ತಾರ?"

"ಖಾಜಾ ಏನ್ ತಪ್ಪ ಮಾಡ್ಯಾನವ್ವ?"

"ಏನೂ ಮಾಡಿಲ್ಲ. ನಂಗ ಗೊತ್ತದ." ಅವಳು ಅಲ್ಲೇ ನೆಲಕ್ಕೆ ಕೂತು ಅವನ ಎರಡೂ ಪಾದ ಹಿಡಿದುಕೊಂಡಳು. "ಅವ್ವ ಹೊರಗ ಬರೂತನಕ ಬಾಯಿ ಬಿಡಬ್ಯಾಡಪ್ಪಾ. ನಿನ್ನ ಕಾಲಿಗಿ ಬೀಳ್ತೀನಿ."