ನಾಲ್ಕನೆಯ ಗಾಲಿ

ಕಲ್ಲಣ್ಣ ಸೋಲಾಪುರದಿಂದ ವಳಸಂಗಕ್ಕೆ ವಾಪಸು ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ವೆಲ್ಡಿಂಗ್ ಕಡ್ಡಿಯ ಪೊಟ್ಟಣ ಹಿಡಿದುಕೊಂಡು, ಚಪ್ಪಲಿ ಸಹ ಬಿಡದೆ, ನೇರವಾಗಿ ಹಿತ್ತಲಿನ ತಗಡಿನ ಶೆಡ್ಡಿಗೆ ಹೋದ. ಲೇಥಿನ ಪಕ್ಕದಲ್ಲಿ ಗೋಡೆಗೆ ಆನಿಸಿಟ್ಟಿದ್ದ ಜೀಪಿನ ಗಾಲಿಗಳು ಅಲ್ಲಿರಲಿಲ್ಲ. ಹಾಸಿದ್ದ ಹಳೆಯ ಪೇಪರಿನ ಮೇಲೆ ಕರಿ ಬಳೆಯಂಥ ಗುರುತುಗಳು ಮಾತ್ರ ಉಳಿದಿದ್ದವು. ಶೆಡ್ಡಿನ ತುಂಬ ಪೇಂಟಿನ ವಾಸನೆ.

"ನಂದಾ! ಗಾಲಿ ಎಲ್ಲಿ ಅದಾವ?"

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮುಖದಲ್ಲಿ ಹಿಗ್ಗಿತ್ತು. "ನೀವು ಹೋದ ಮ್ಯಾಲ ಅಮೋಲರು ಬಂದಿದ್ರು. ಒಯ್ದ್ರು. ನೋಡಿ ಭಾಳ ಖುಷಿ ಆದ್ರು. ನಿನ್ನಿ ನೀವು ಕಂದಲಗಾಂವಕ್ಕ ಹೋದಾಗ ನಾನೇ ಕುಂತು ಬಣ್ಣಾ ಹಚ್ಚಿದ್ದೆ. ಹೊಸಾವ ಆಗಿದ್ವು, ನೀವೂ ನೋಡಬೇಕಾಗಿತ್ತು."

"ನಾಲ್ಕೂ ಕೊಟ್ಟಿಯೇನು?"

"ಮತ್ತ? ಜೀಪಿಗಿ ನಾಲ್ಕಲ್ಲೇನು ಬೇಕಾಗೂದು?"

ಕಲ್ಲಣ್ಣನ ಕೈಯಿಂದ ಪೊಟ್ಟಣ ಜಾರಿ, ಕಡ್ಡಿಗಳು ನೆಲದ ತುಂಬ ಚೆಲ್ಲಿದವು.

ಅಮೋಲ ಕಲ್ಲಣ್ಣನ ತಂಗಿ ಪ್ರಣಿತಾಳ ಗಂಡ, ಮೈಂದರ್ಗಿಯವನು. ಹೊಲ, ಎತ್ತು, ಮನೆ ಎಲ್ಲ ಇದ್ದರೂ ಅವನ ಜೀವವಿದ್ದುದು ಒಂದು ಹಳೆಯ ಡೀಸೆಲ್ ಜೀಪಿನಲ್ಲಿ. ಅದಕ್ಕೆಂದು ಎಲ್ಲಿಂದಲೋ ಅಗಲ ಟೈರುಗಳನ್ನು ತಂದಿದ್ದ. ಅವಕ್ಕೆ ಜೀಪಿನ ಕಬ್ಬಿಣದ ಗಾಲಿ ಕಿರಿದಾಗುತ್ತಿತ್ತು. ಗುಜರಿಯಲ್ಲಿ ಅಂಥವೇ ಬೇರೆ ಗಾಲಿ ಆರಿಸಿ ತಂದು, "ಕಲ್ಲಣ್ಣಾ, ಇವನ್ನ ಅಗಲ ಮಾಡಿ ಕೊಡ್ರಿ. ನಿಮ್ಮನ್ನ ಬಿಟ್ರ ಯಾರ ಕೈಗೂ ಕೊಡಾವಲ್ಲ ನಾ" ಎಂದು ಶೆಡ್ಡಿನಲ್ಲಿ ಇಳಿಸಿ ಹೋಗಿದ್ದ.

ಕಲ್ಲಣ್ಣ ಅಕ್ಕಲಕೋಟ ರೋಡಿನ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಬಹಳ ವರ್ಷ ಲೇಥ್ ನಡೆಸಿ, ಕೊನೆಗೆ ಒಂದು ಹಳೆಯ ಲೇಥನ್ನು ಮನೆಗೇ ತಂದು ಹಾಕಿಕೊಂಡವನು. ಗಾಲಿ ಅಗಲ ಮಾಡುವುದು ಅವನಿಗೆ ಹೊಸ ಕೆಲಸ. ಹೊಸದೆಂದೇ ಒಪ್ಪಿಕೊಂಡಿದ್ದ. ಗಾಲಿಯನ್ನು ಲೇಥಿಗೆ ಕಟ್ಟಿ, ಸುತ್ತಲೂ ಕೊರೆದು ಎರಡು ಬಳೆ ಮಾಡಿದ. ನಡುವೆ ಅಷ್ಟೇ ದಪ್ಪದ ಕಬ್ಬಿಣದ ಪಟ್ಟಿ ಬಾಗಿಸಿ ಕೂರಿಸಿದ. ಮೊದಲು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ, ಗಾಲಿ ತಿರುಗಿಸಿ ಓಲಾಡುತ್ತದೆಯೇ ಎಂದು ನೋಡಿ, ತಟ್ಟಿ ಸರಿಮಾಡಿ, ಆಮೇಲೆ ಪಟ್ಟಿಯ ಎರಡೂ ಅಂಚಿಗೆ ಸುತ್ತ ಪೂರ್ತಿ ಬೆಸುಗೆ. ಒಂದೇ ಕಡೆ ಬೆಸೆಯುತ್ತ ಹೋದರೆ ಕಾವಿಗೆ ಕಬ್ಬಿಣ ಸೊಟ್ಟಗಾಗುತ್ತದೆ. ಇಲ್ಲಿಷ್ಟು, ಎದುರಿಗಿಷ್ಟು ಎಂದು ತಾಳ್ಮೆಯಿಂದ ಮಾಡಬೇಕು. ಮೂರು ಗಾಲಿ ಹಾಗೇ ಮುಗಿದಿದ್ದವು. ನಾಲ್ಕನೆಯದರ ಒಂದು ಅಂಚು ಮುಗಿದು, ಇನ್ನೊಂದು ಅಂಚು ಅರ್ಧಕ್ಕೆ ಬಂದಾಗ ಕಡ್ಡಿ ತೀರಿದ್ದವು. ಉಳಿದ ಅರ್ಧ ಸುತ್ತು ಬರೀ ಚುಕ್ಕಿಗಳ ಮೇಲೆ ನಿಂತಿತ್ತು. ಮರುದಿನ ಕಂದಲಗಾಂವದಲ್ಲಿ ಕಬ್ಬಿನ ಟ್ರಾಲಿಯೊಂದರ ಅಚ್ಚು ಮುರಿದು ಅಲ್ಲಿಗೆ ಓಡಬೇಕಾಯಿತು. ರಾತ್ರಿ ತಡವಾಗಿ ಬಂದವನು ಬೆಳಿಗ್ಗೆ ಶೆಡ್ಡಿಗೆ ಕಾಲಿಡದೆಯೇ ಸೋಲಾಪುರಕ್ಕೆ ಹೊರಟಿದ್ದ. ಇವತ್ತು ಕಡ್ಡಿ ತಂದು ಮುಗಿಸುವುದೆಂದು ಅವನ ಲೆಕ್ಕ.

ಅಷ್ಟರಲ್ಲಿ ನಂದಾ ಆ ಸಂದಿನ ಮೇಲೂ ದಪ್ಪಗೆ ಬಣ್ಣ ಬಳಿದಿದ್ದಳು.

ಅಮೋಲನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಆ ಜೀಪಿನ ಸದ್ದಿನಲ್ಲಿ ಫೋನು ಯಾರಿಗೆ ಕೇಳೀತು! ಪ್ರಣಿತಾಳದು ಸ್ವಿಚ್ ಆಫ್. ಅಕ್ಕಲಕೋಟದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ನಾಗಣ್ಣ ಮಾತ್ರ ಎತ್ತಿದ.

"ಆಗಲೇ ಟೈರ್ ಕೂಡ್ಸಿ ಕೊಟ್ಟೀನಲ್ಲ. ಮೈಂದರ್ಗಿಗಿ ಹೋಗಿ ಹೆಣ್ಮಕ್ಕಳನ್ನ ಕರ್ಕೊಂಡು ಸೋಲಾಪುರಕ್ಕ ಹೋಗ್ತೀನಿ ಅಂದ್ರು. ಇವತ್ತ ಬಸ್ತಾ ಐತಂತ."

ಕಲ್ಲಣ್ಣನಿಗೆ ಆಗ ನೆನಪಾಯಿತು. ಅಮೋಲನ ತಂಗಿಯ ಮದುವೆ ಗೊತ್ತಾಗಿತ್ತು. ಎರಡೂ ಕಡೆಯವರು ಕೂಡಿ ಮದುವೆಯ ಬಟ್ಟೆ ಕೊಳ್ಳುವ ದಿನ ಇವತ್ತು. ಜೀಪಿನ ತುಂಬ ಹೆಂಗಸರು ಇರುತ್ತಾರೆ. ಅವರಲ್ಲಿ ತನ್ನ ತಂಗಿಯೂ ಇರುತ್ತಾಳೆ.

"ಯಾರನ್ನ ಕೇಳಿ ಕೊಟ್ಟಿ?" ಎಂದು ನಂದಾಳ ಕಡೆ ತಿರುಗಿದ. "ಒಂದು ಗಾಲಿ ಅರ್ಧಾ ಆಗಿತ್ತು. ಅರ್ಧಾ!"

ನಂದಾಳ ಮುಖ ಬಿಳಿಚಿತು. ಆದರೆ ಬಾಯಿ ಸುಮ್ಮನಿರಲಿಲ್ಲ. "ಅರ್ಧಾ ಆಗೈತಿ ಅಂತ ನನಗ ಹೇಳಿದ್ರೇನು? ಈ ಶೆಡ್ಡಿನಾಗಿಂದು ಒಂದು ಮಾತರೇ ಹೇಳ್ತೀರೇನು ನನಗ? ಊಟಕ್ಕ ಕರ್ಯಾಕ ಬಂದ್ರೂ 'ಹೊರಗ ನಿಂದರು' ಅಂತೀರಿ."

ಕಲ್ಲಣ್ಣ ಅಂಗಳಕ್ಕೆ ಹೋದ, ಒಳಗೆ ಬಂದ, ಸ್ಪ್ಯಾನರು ಕಿಸೆಗೆ ಹಾಕಿಕೊಂಡ, ಮತ್ತೆ ಅಂಗಳಕ್ಕೆ ಹೋದ.

"ಈ ರೋಡಿನ ಮ್ಯಾಲೇ ಬರಬೇಕಲ್ಲ ಅವ್ರು. ಫಾಟಾದಾಗ ನಿಂತು ತಡ್ಯೂಣು" ಎಂದಳು ನಂದಾ.

ಇಬ್ಬರೂ ಬೈಕಿನ ಮೇಲೆ, ಊರಿನ ದಾರಿ ಹೆದ್ದಾರಿಗೆ ಕೂಡುವ ಫಾಟಾಕ್ಕೆ ಬಂದು ನಿಂತರು. ಟ್ರಕ್ಕು, ಎಸ್‌ಟಿ ಬಸ್ಸು, ಕಾರು ಒಂದರ ಹಿಂದೊಂದು ಹೋದವು. ಜೀಪಿಲ್ಲ. ಕಲ್ಲಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಈಗ ಮೈಂದರ್ಗಿ ಬಿಟ್ಟಿರಬಹುದು. ಅಕ್ಕಲಕೋಟದ ಹೊರಗೆ ರಸ್ತೆ ಸಪಾಟಾಗಿದೆ, ಅಮೋಲ ಅಲ್ಲಿ ಜೋರಾಗಿ ಓಡಿಸುತ್ತಾನೆ. ಒಂದೊಂದು ಸುತ್ತಿಗೂ ಆ ಚುಕ್ಕಿಗಳ ಮೇಲೆ ಜಗ್ಗು ಬೀಳುತ್ತದೆ. ಒಂದು ಕಿತ್ತರೆ ಪಕ್ಕದ್ದೂ ಕೀಳುತ್ತದೆ.

"ಇಲ್ಲಿ ನಿಂತರ ಆಗೂದಿಲ್ಲ. ಇಲ್ಲೀತನಾ ಬರಲಿಕ್ಕಿಲ್ಲ ಅವ್ರು. ಕೂಡು."

"ನಾವು ಆ ಕಡಿ ಹೋಗಿ, ಅವ್ರು ಈ ಕಡಿ ದಾಟಿದ್ರ?"

"ಕೂಡಂದ್ರ ಕೂಡು."

ಅವಳು ಹೇಳಿದ್ದೇ ಆಯಿತು. ಅಕ್ಕಲಕೋಟದ ಕಡೆ ಸ್ವಲ್ಪ ದೂರ ಹೋಗಿರಬೇಕು, ಎದುರಿನ ರಸ್ತೆಯಲ್ಲಿ ಜೀಪು ಕಾಣಿಸಿತು. ಅಗಲ ಟೈರುಗಳ ಮೇಲೆ ಎದೆಯುಬ್ಬಿಸಿಕೊಂಡು ಬರುತ್ತಿತ್ತು. ನಡುವೆ ಕಾಂಕ್ರೀಟಿನ ಡಿವೈಡರ್. ಕಲ್ಲಣ್ಣ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನಂದಾ ಹಿಂದಿನ ಸೀಟಿನ ಮೇಲೆ ಅರ್ಧ ಎದ್ದು, ಎರಡೂ ಕೈ ಎತ್ತಿ "ನಿಂದರ್ರಿ! ನಿಂದರ್ರೀ!" ಎಂದು ಚೀರಿದಳು.

ಜೀಪಿನ ಹಿಂದೆ ಕೂತ ಹೆಂಗಸರು ನೋಡಿದರು. ಪ್ರಣಿತಾ ಗುರುತು ಹಿಡಿದಳು. ನಗುತ್ತ, ಹೊರಗೆ ಬಾಗಿ, ಇವರಿಗಿಂತ ಜೋರಾಗಿ ಕೈ ಬೀಸಿದಳು. ಪಕ್ಕದವಳಿಗೆ ತೋರಿಸಿದಳು. ಅವಳೂ ಕೈ ಬೀಸಿದಳು. ಜೀಪು ದಾಟಿ ಹೋಯಿತು.

ತಿರುಗುವ ಜಾಗ ಎಷ್ಟು ದೂರವಿತ್ತೋ, ಕಲ್ಲಣ್ಣನಿಗೆ ಅದು ಬರುವುದೇ ಇಲ್ಲ ಅನ್ನಿಸಿತು. ತಿರುಗಿ, ಬೈಕಿನ ಶಕ್ತಿಯಿದ್ದಷ್ಟು ಓಡಿಸಿದ. ವಳಸಂಗ ದಾಟಿತು, ಕುಂಭಾರಿ ದಾಟಿತು. ಮುಂದೆ ಜನರ ಗುಂಪು ಕಂಡಲ್ಲೆಲ್ಲ ವೇಗ ತಗ್ಗಿಸಿ ಇಣುಕಿ ನೋಡುತ್ತಿದ್ದ. ಒಂದು ಕಡೆ ಗುಂಪು ಕಲ್ಲಂಗಡಿಯ ಗಾಡಿಯ ಸುತ್ತ ಇತ್ತು. ಇನ್ನೊಂದು ಕಡೆ ಬಸ್ಸು ಕಾಯುವವರು. ಹಿಂದೆ ನಂದಾ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಜೀಪು ಸಿಕ್ಕಿದ್ದು ಸೋಲಾಪುರದ ನವಿ ಪೇಠೆಯಲ್ಲಿ, ಬಟ್ಟೆ ಅಂಗಡಿಯೊಂದರ ಮುಂದೆ. ಖಾಲಿ ನಿಂತಿತ್ತು. ಕಲ್ಲಣ್ಣ ಬೈಕನ್ನು ನಂದಾಳ ಕೈಗೆ ಕೊಟ್ಟು, ಜನ ನೋಡುತ್ತಿದ್ದಂತೆಯೇ ರಸ್ತೆಯ ಧೂಳಿನಲ್ಲಿ ಅಂಗಾತ ಮಲಗಿ ಜೀಪಿನ ಕೆಳಗೆ ತಲೆ ತೂರಿಸಿದ. ಎಲ್ಲ ಗಾಲಿಯೂ ಒಂದೇ ಕರಿ ಬಣ್ಣ. ಒಂದೊಂದರ ಒಳಬದಿಯನ್ನೂ ಹೆಬ್ಬೆರಳಿನಿಂದ ತಡವುತ್ತ ಹೋದ. ಹಿಂದಿನ ಬಲಗಾಲಿಯ ಹತ್ತಿರ ಬೆರಳು ನಿಂತಿತು. ಬಣ್ಣ ಕೂದಲೆಳೆಯಷ್ಟು ಬಿರಿದಿತ್ತು. ಬಿರುಕಿನೊಳಗೆ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಚುಕ್ಕಿ ಆಗಲೇ ಬಿಟ್ಟುಕೊಂಡಿತ್ತು.

ಹೊರಗೆ ಬಂದು ಕೂತ.

"ಅದೇ ಏನ್ರಿ?" ಎಂದಳು ನಂದಾ. ಅವನು ಹೌದೆಂದು ತಲೆಯಾಡಿಸಿದ.

ಅಂಗಡಿಯ ಮಾಳಿಗೆಯಲ್ಲಿ ಬಿಳಿ ಗಾದಿಯ ಮೇಲೆ ಸೀರೆಗಳು ಬಿಚ್ಚಿ ಬಿದ್ದಿದ್ದವು. ಒಂದು ಬದಿಗೆ ಅಮೋಲನ ಕಡೆಯವರು, ಇನ್ನೊಂದು ಬದಿಗೆ ವರನ ಕಡೆಯ ಹಿರಿಯರು. ಕಲ್ಲಣ್ಣ ಮೆಟ್ಟಿಲ ತುದಿಯಲ್ಲಿ ನಿಂತುಬಿಟ್ಟ. ಬೆನ್ನ ತುಂಬ ಧೂಳು. ತಾನು ಮಾಡಿದ ಗಾಲಿ ಕೆಟ್ಟಿದೆ ಎಂದು ಇವರೆಲ್ಲರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ನಂದಾ ಅವನನ್ನು ದಾಟಿ ಮುಂದೆ ಹೋದಳು.

"ಅಮೋಲರ, ಆ ಗಾಲಿ ಕೊಡಬಾರದಿತ್ತು. ಒಂದು ಇನ್ನೂ ಮುಗದಿದ್ದಿಲ್ಲ. ನನಗ ಗೊತ್ತಿಲ್ಲದ ಕೊಟ್ಟೆ."

ಅಮೋಲ ನಗುತ್ತಲೇ ಎದ್ದು ಬಂದ. ಹತ್ತಿರ ಬಂದ ಮೇಲೆ ದನಿ ಇಳಿಸಿದ. "ಇಲ್ಲೀತನಾ ಛಲೋ ಬಂತಲ್ರಿ. ಹೂವಿನಂಗ ಬಂತು. ಬೀಗರ ಮುಂದ ಈ ಮಾತು ಯಾಕ?"

"ಬಿರಕ ಬಿಟ್ಟೈತಿ" ಎಂದ ಕಲ್ಲಣ್ಣ. "ಈಗ ನೋಡಿ ಬಂದೀನಿ. ಗಾಲಿ ತಗೀಬೇಕು."

"ಸಂಜಿಗಿ ಸಾವಕಾಶ ಹೊಡ್ಕೊಂಡು ಹೋಗ್ತೀನಿ. ನಾಳಿ ತಂದು ಕೊಡ್ತೀನಿ. ಆತಲ್ಲ? ಬರ್ರಿ, ಚಹಾ ಕುಡೀರಿ." ಅವನ ಕಣ್ಣು ವರನ ತಂದೆಯ ಕಡೆಗಿತ್ತು. ಬಂದಾಗಿನಿಂದ ಅವರಿಗೆ ಜೀಪು ತೋರಿಸಿ ತೋರಿಸಿ ಹೇಳಿಕೊಂಡಿದ್ದನೆಂದು ಕಾಣುತ್ತದೆ.

"ಸಾವಕಾಶ ಹೋದ್ರೂ ಉಳಿಯೂದಿಲ್ಲ ಅದು."

"ಕಲ್ಲಣ್ಣಾ, ಕೈ ಮುಗೀತೀನಿ. ಈಗ ಬ್ಯಾಡ್ರಿ." ಅವನು ತಿರುಗಿ ಹೋಗಿ ಗಾದಿಯ ಮೇಲೆ ಕೂತ.

ಕಲ್ಲಣ್ಣ ಕೆಳಗಿಳಿದ. ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಬಲಗಾಲಿಯ ವಾಲ್ವಿನ ಪಿನ್ನು ಬಿಚ್ಚಿದ. ಗಾಳಿ ಸಿಳ್ಳೆ ಹೊಡೆಯುತ್ತ ಹೊರಬಂತು. ಜೀಪು ಒಂದು ಮಗ್ಗುಲಿಗೆ ಮೆಲ್ಲಗೆ ಕುಸಿಯಿತು. ಪಿನ್ನನ್ನು ಕಿಸೆಗೆ ಹಾಕಿಕೊಂಡ.

ಸಿಳ್ಳೆ ಕೇಳಿ ಕಿಟಕಿಯಿಂದ ಯಾರೋ ಇಣುಕಿದರು. ಅಮೋಲ ಮೆಟ್ಟಿಲು ಹಾರಿ ಬಂದ. ಅವನ ಹಿಂದೆ ಹೆಂಗಸರು, ಬೀಗರು ಎಲ್ಲ ಇಳಿದರು.

"ಏನ್ ಮಾಡಿದ್ರಿ ಇದು? ತಲಿ ಕೆಟ್ಟೈತೇನು ನಿಮಗ? ಮಾನ ಕಳ್ಯಾಕ ಇಲ್ಲೀತನಾ ಬಂದ್ರೇನು?"

ಕಲ್ಲಣ್ಣ ಜೀಪಿನಲ್ಲಿದ್ದ ಜಾಕು ತೆಗೆದು ಹಚ್ಚಿದ. ಸ್ಪ್ಯಾನರು ಬಿಗಿ ನಟ್ಟಿನಿಂದ ಜಾರುತ್ತಿತ್ತು. ನಂದಾ ಕೂತು ಸ್ಪ್ಯಾನರನ್ನು ಒತ್ತಿ ಹಿಡಿದಳು, ಅವನು ಜಗ್ಗಿದ. ಗಾಲಿ ಬಿಚ್ಚಿ ನೆಲದ ಮೇಲೆ ಮಲಗಿಸಿ, ಅಂಚಿನ ಮೇಲೆ ಕಾಲಿಟ್ಟು ಮೈಭಾರ ಹಾಕಿದ. ಸಂದು ಬಾಯಿ ತೆರೆಯಿತು. ಪ್ರಣಿತಾ ಬಗ್ಗಿ ನೋಡಿದಳು. ಅವಳ ಕಿರುಬೆರಳಿನ ಉಗುರು ಅದರೊಳಗೆ ಹೋಯಿತು.

ಅಮೋಲನ ತಾಯಿ ಸುಮಿತ್ರಾಬಾಯಿ ಮಾತ್ರ ಮಾತಾಡಿದರು. "ನಾ ಈ ಗಾಲಿ ಮ್ಯಾಲೇ ಕುಂತಿದ್ದೆ ನೋಡ್ರಿ" ಎಂದರು, ಯಾರಿಗೆ ಅಂತಿಲ್ಲದೆ.

ಅಮೋಲ ನೋಡಿದ. ನೋಡಿಯೂ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ. "ಹಿಂಗಿದ್ರ ನನ್ನ ಕೆಲಸಾ ಹಿಡೀಬಾರದಿತ್ತು ನೀವು" ಎಂದ.

"ಹೌದು" ಎಂದ ಕಲ್ಲಣ್ಣ.

ಬಸ್ತಾ ಮುಗಿಯುವವರೆಗೂ ಅವನು ಬೀದಿಯಲ್ಲೇ ಇದ್ದ. ಜೀಪಿಗೆ ಸ್ಟೆಪ್ನಿ ಹಾಕಿದ. ಉಳಿದ ಗಾಲಿಗಳನ್ನು ಮತ್ತೆ ಮತ್ತೆ ತಡವಿದ. ಚಹಾ ತರಿಸಿದರೆ ಕುಡಿಯಲಾಗಲಿಲ್ಲ. ಹೆಂಗಸರು ಬಟ್ಟೆಯ ಗಂಟುಗಳ ಸಮೇತ ಎಸ್‌ಟಿ ಬಸ್ಸು ಹತ್ತಿದರು, ನಂದಾಳೂ ಅವರ ಜೊತೆ ಹೋದಳು. ಅಮೋಲ ಒಬ್ಬನೇ ಜೀಪು ನಡೆಸಿದ. ಹಿಂದೆ ಬೈಕಿನಲ್ಲಿ ಕಲ್ಲಣ್ಣ, ಎತ್ತಿನ ಗಾಡಿಯ ವೇಗದಲ್ಲಿ, ಕಣ್ಣು ಗಾಲಿಗಳ ಮೇಲೆ. ಅಕ್ಕಲಕೋಟದಲ್ಲಿ ನಾಗಣ್ಣನ ಅಂಗಡಿಯಲ್ಲಿ ಹಳೆಯ ಗಾಲಿಗಳು ಹಾಗೇ ಇದ್ದವು. ಅವನ್ನು ಹಾಕಿಸಿಕೊಂಡ ಅಮೋಲ ಕಲ್ಲಣ್ಣನ ಕಡೆ ನೋಡದೆ ಮೈಂದರ್ಗಿಯ ದಾರಿ ಹಿಡಿದ.

ನಾಗಣ್ಣ ಟೆಂಪೋದಲ್ಲಿ ಕಳಿಸಿದ ಅಗಲ ಗಾಲಿಗಳನ್ನು ಕಲ್ಲಣ್ಣ ಮರುದಿನ ಶೆಡ್ಡಿನಲ್ಲಿ ಸಾಲಾಗಿಟ್ಟ. ಮೂರರ ಬಣ್ಣ ಕೆರೆದು ಬೆಸುಗೆಯನ್ನು ಅಂಗುಲ ಅಂಗುಲ ನೋಡಿದ. ಎಲ್ಲೂ ದೋಷವಿರಲಿಲ್ಲ. ಅದರಿಂದಲೂ ಸಮಾಧಾನವಾಗಲಿಲ್ಲ. ಎಲ್ಲವನ್ನೂ ಕೊಯ್ದು ಹಾಕುತ್ತೇನೆಂದು ಗ್ರೈಂಡರ್ ಎತ್ತಿಕೊಂಡ.

ನಂದಾ ಬಾಗಿಲಲ್ಲಿ ನಿಂತಿದ್ದಳು. "ನಾಲ್ಕನೇದು ಮುಗಸ್ರಿ ಮೊದಲು. ಆಮ್ಯಾಲ ಏನರೇ ಮಾಡ್ರಿ."

ಅವನು ಗ್ರೈಂಡರ್ ಕೆಳಗಿಟ್ಟ. "ಒಳಗ ಬಾ. ಇದನ್ನ ತಿರಗಸ್ತಾ ಹೋಗು. ಎಲ್ಲೆರೇ ಮೊಳಿಗಿ ತಾಗಿದ್ರ ಹೇಳು." ಗಾಲಿಯ ಪಕ್ಕಕ್ಕೆ ಒಂದು ಮೊಳೆ ನಿಲ್ಲಿಸಿ ತೋರಿಸಿದ. ಅವಳು ಕೂತು ಮೆಲ್ಲಗೆ ತಿರುಗಿಸಿದಳು. "ಇಲ್ಲಿ ತಾಗ್ತದ." ಅವನು ತಟ್ಟಿದ. "ಇನ್ನೂ ಸ್ವಲ್ಪ." ಮತ್ತೆ ತಟ್ಟಿದ. ಮಧ್ಯಾಹ್ನದ ಹೊತ್ತಿಗೆ ಬೆಸುಗೆ ಪೂರ್ತಿ ಸುತ್ತು ಬಂದು ಕೂಡಿಕೊಂಡಿತು.

ಆ ಗಾಲಿಗಳನ್ನು ಅವನು ಯಾರ ಕಾರಿಗೂ ಜೀಪಿಗೂ ಕೊಡಲಿಲ್ಲ. ಗಾಲಿ, ಟೈರುಗಳ ದುಡ್ಡು ಅಮೋಲನಿಗೆ ಕಳಿಸಿ, ಹೊಲಕ್ಕೆ ನೀರು ಹೊರುವ ತನ್ನ ಟ್ಯಾಂಕಿನ ಗಾಡಿಗೆ ಹಾಕಿದ. ಎತ್ತಿನ ಹಿಂದೆ ಅವು ಎಷ್ಟು ಜೋರಾಗಿ ಓಡಿಯಾವು? ಕರಿಮಣ್ಣಿನಲ್ಲಿ ಗಾಡಿ ಹೂತುಕೊಳ್ಳುವುದು ಮಾತ್ರ ನಿಂತಿತು.

ಮದುವೆಯ ಕಾರ್ಡು ಕೊಡಲು ಅಮೋಲನೇ ಬಂದ. ಬರದೆ ಇರುವಂತಿರಲಿಲ್ಲ, ಹೆಂಡತಿಯ ತವರುಮನೆ. ಪ್ರಣಿತಾ ಒಳಗೆ ನಂದಾಳ ಜೊತೆ ಮಾತಿಗೆ ಕೂತಳು. ಅಮೋಲ ಅಂಗಳದಲ್ಲಿ ಅತ್ತಿತ್ತ ತಿರುಗಾಡಿ, ಟ್ಯಾಂಕಿನ ಗಾಡಿಯ ಮುಂದೆ ನಿಂತ.

"ಅವೇ ಏನ್ರಿ ಇವು?"

"ಅವೇ."

ಅವನು ಬಗ್ಗಿ ಕೈಯಾಡಿಸಿದ. ಬಹಳ ಹೊತ್ತು ನೋಡಿದ. "ಚಂದ ಕಾಣಸ್ತಾವ ನೋಡ್ರಿ" ಎಂದ. ಕೊಡಿರಿ ಎಂದು ಕೇಳಲಿಲ್ಲ. ಕಲ್ಲಣ್ಣನೂ ಕೊಡುತ್ತೇನೆ ಅನ್ನಲಿಲ್ಲ. ಚಹಾ ಬಂತು, ಇಬ್ಬರೂ ನಿಂತೇ ಕುಡಿದರು.

ಮದುವೆ ಚೆನ್ನಾಗಿ ಆಯಿತು. ಆದರೆ ಕಲ್ಲಣ್ಣನಿಗೆ ಮೊದಲಿನ ನಿರಾಳ ಮಾತ್ರ ತಿರುಗಿ ಬರಲಿಲ್ಲ. ಊಟಕ್ಕೆ ಕೂತಾಗ ದೂರದ ಹೆದ್ದಾರಿಯಲ್ಲಿ ಏನಾದರೂ ದಡದಡ ಸದ್ದಾದರೆ, ರೊಟ್ಟಿ ಹಿಡಿದ ಕೈ ನಿಲ್ಲುತ್ತದೆ. ಮುಖ ಬಾಗಿಲ ಕಡೆ ತಿರುಗುತ್ತದೆ.

"ನಮ್ಮವಲ್ಲ ಅವು. ಉಣ್ರಿ" ಎನ್ನುತ್ತಾಳೆ ನಂದಾ.

ಆದರೂ ಸದ್ದು ದೂರವಾಗುವವರೆಗೆ ಅವನು ತುತ್ತು ಮುರಿಯುವುದಿಲ್ಲ.