ಮೆಟ್ಟಿಲಿನ ಕಂಬಿ

ಮನೆ ಕಟ್ಟಿಸಿದವರಿಗೆಲ್ಲ ಆ ಕೊನೆಯ ವಾರ ಗೊತ್ತು. ಗೋಡೆ ಎದ್ದಿರುತ್ತದೆ, ಬಣ್ಣವೂ ಆಗಿರುತ್ತದೆ. ಉಳಿದ ಚಿಲ್ಲರೆ ಕೆಲಸಕ್ಕೆ ಮಾತ್ರ ಮೇಸ್ತ್ರಿಯ ಹಿಂದೆ ಮುಂದೆ ಸುತ್ತಬೇಕು.

ನಮ್ಮ ಬೀದಿಯ ಟೈಲರ್ ಅಕ್ಕನ ಮನೆಯಲ್ಲಿ ಉಳಿದದ್ದು ಮೆಟ್ಟಿಲಿನ ಕಂಬಿ. ಮಹಡಿಯಲ್ಲಿ ಅವಳ ಹೊಲಿಗೆ ಕೋಣೆ ಸಿದ್ಧವಾಗಿತ್ತು. ಸೋಮವಾರ ಬಂದು ಕಂಬಿ ಕೂರಿಸುತ್ತೇನೆಂದ ಮೇಸ್ತ್ರಿ, ಬಾಕಿ ಹಣವನ್ನು ಮಾತ್ರ ಆಗಲೇ ಕೇಳಿದ. ಬಾಯ್ತುಂಬ 'ಅಕ್ಕಾ' ಎನ್ನುತ್ತಿದ್ದವನು. ಹಾಗಾಗಿ ಅಕ್ಕ ಅವನಿಂದ ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ಅವನು ಹಿಂದೆ ಕಟ್ಟಿದ ಮನೆಯವರನ್ನು ವಿಚಾರಿಸಿಯೂ ಇರಲಿಲ್ಲ.

"ಕಂಬಿ ಹಾಕಿದ್ಮೇಲೆ ಕೊಡೇ," ಎಂದಳು ಒಳಗಿಂದ ಅಮ್ಮ.

"ನೀನು ಸುಮ್ನಿರಮ್ಮ. ಅವ್ನೇನು ಹೊರಗಿನವ್ನಾ?" ಎಂದು ಅಕ್ಕ ಅಮ್ಮನ ಬಾಯಿ ಮುಚ್ಚಿಸಿ ಹಣ ಕೊಟ್ಟುಬಿಟ್ಟಳು.

ಸೋಮವಾರಗಳು ಬಂದವು, ಹೋದವು. ಮೇಸ್ತ್ರಿ ಫೋನೆತ್ತಲಿಲ್ಲ. ಒಂದು ಸಂಜೆ ಒಣಗಿದ ಬಟ್ಟೆಯನ್ನು ಎದೆಗವಚಿಕೊಂಡು ಇಳಿಯುತ್ತಿದ್ದ ಅಮ್ಮನ ಕಾಲು ಜಾರಿತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು, ತಿರುಗಿ ಮನೆಗೆ ಬರಲಿಲ್ಲ. ಕಂಬಿ ಆಮೇಲೆ ಬಂತು, ಬೇರೆಯವನ ಕೈಯಿಂದ. ಅಕ್ಕನಿಗೆ ಮೇಸ್ತ್ರಿಯ ಮೇಲಿದ್ದುದಕ್ಕಿಂತ ಹೆಚ್ಚಿನ ಸಿಟ್ಟು, 'ಸುಮ್ನಿರಮ್ಮ' ಎಂದ ತನ್ನ ನಾಲಿಗೆಯ ಮೇಲೆ.

ವರ್ಷ ಕಳೆಯಿತು. ಬಸ್ ಓಡಿಸುವ ಅವಳ ತಮ್ಮ ಹೊಸದಾಗಿ ಬಚ್ಚಲು ಕಟ್ಟಿಸಲು ಹೊರಟ. ಅವನ ಮೇಸ್ತ್ರಿ ಅವನ ಗೆಳೆಯನೇ. ಎಲ್ಲ ಬರೆಸಿಕೋ ಎಂದು ಅಕ್ಕ ಹೇಳಿದ್ದಕ್ಕೆ ತಮ್ಮ ಮುಖ ಕಿವುಚಿದ.

"ಬರ್ಕೊಡು ಅಂದ್ರೆ ನಂಬಿಕೆ ಇಲ್ಲ ಅಂದ್ಕೊಳ್ತಾನಕ್ಕಾ. ಆಮೇಲೆ ಅವನ ಮುಖ ನೋಡೋದು ಹೇಗೆ?"

ಅಕ್ಕ ವಾದಕ್ಕೆ ಇಳಿಯಲಿಲ್ಲ. ಅವನನ್ನು ಮೆಟ್ಟಿಲ ಬಳಿ ಕರೆದೊಯ್ದು, ಅವನ ಕೈಯನ್ನು ಕಂಬಿಯ ಮೇಲಿಟ್ಟಳು.

"ನಂಗೂ ಹೀಗೇ ಸಂಕೋಚ ಆಗಿತ್ತು ಕಣೋ. ಆ ಸಂಕೋಚಕ್ಕೆ ಅಮ್ಮನ್ನ ಕಳ್ಕೊಂಡೆ."

ಮರುದಿನ ಅಕ್ಕ ತಮ್ಮ ಇಬ್ಬರೂ ಮೇಸ್ತ್ರಿಯನ್ನು ಕೂರಿಸಿಕೊಂಡರು. ಏನೇನು ಕೆಲಸ, ಯಾವ ಸಾಮಾನು, ಎಂದಿಗೆ ಮುಗಿಯಬೇಕು, ಎಷ್ಟು ಕೆಲಸವಾದರೆ ಎಷ್ಟು ಹಣ ಎಂಬುದನ್ನೆಲ್ಲ ಬರೆಯೋಣವೇ ಎಂದು ತಮ್ಮ ತಡವರಿಸುತ್ತ ಕೇಳಿದ. ಗೆಳೆಯ ಬೇಸರಿಸಿಕೊಳ್ಳಲಿಲ್ಲ. "ಒಳ್ಳೇದೇ ಆಯ್ತು. ನಾಳೆ ನಂಗೂ ತಕರಾರಿರಲ್ಲ," ಎಂದು ಸಹಿ ಹಾಕಿದ. ಅರ್ಧ ಪುಟವೂ ತುಂಬಿರಲಿಲ್ಲ. ಆ ಕಾಗದವನ್ನು ಕೈಯಲ್ಲಿ ಹಿಡಿದು, "ಇಷ್ಟೇನಾ?" ಎಂದು ಅಕ್ಕ ಅತ್ತುಬಿಟ್ಟಳು.

ಮನೆ ಕಟ್ಟಿಸುವವರೇ, ಕೆಲಸ ಒಪ್ಪಿಸುವ ಮೊದಲು ಮೇಸ್ತ್ರಿಯ ಹಳೆಯ ಕೆಲಸವನ್ನು ಹೋಗಿ ನೋಡಿ. ತಮ್ಮನೇ ಆಗಲಿ, ಗೆಳೆಯನೇ ಆಗಲಿ, ಆಡಿದ ಮಾತನ್ನು ಬರೆಸಿ ಸಹಿ ಹಾಕಿಸಿ. ಕಟ್ಟಿದ ಮನೆ ಕೊಳ್ಳುವವರೇ, ಹೊಸ ಬಣ್ಣಕ್ಕೆ ಮರುಳಾಗಬೇಡಿ. ಮನೆಯನ್ನೂ ಅದರ ಪತ್ರಗಳನ್ನೂ ತಿಳಿದವರಿಗೆ ತೋರಿಸಿ. ಕೊನೆಯ ಕಂತು ಕೊಡುವುದು ಕೊನೆಯ ಕೆಲಸವನ್ನು ಕಣ್ಣಾರೆ ಕಂಡ ಮೇಲೆಯೇ. ಅಷ್ಟರಲ್ಲಿ ನಿಮ್ಮ ಮನೆಯ ಒಳಗಿಂದ ಯಾರಾದರೂ 'ಕಂಬಿ ಹಾಕಿದ್ಮೇಲೆ ಕೊಡು' ಎಂದರೆ, ದಯವಿಟ್ಟು ಅವರ ಬಾಯಿ ಮುಚ್ಚಿಸಬೇಡಿ.